ಇಟಲಿಯಲ್ಲಿ ಊರಿಂದೂರಿಗೆ: ಮಕ್ಕಳು, ಹಿರಿಯರು, ಸೂಟ್‌ಕೇಸು ಸಮೇತ ಹೊರಟರೆ ರೈಲೋ, ಕಾರೋ?

ಅಕ್ಕನ ಮಗಳು ಕಳೆದ ವಾರ ಫೋನ್ ಮಾಡಿದ್ದಳು. ಮಕ್ಕಳ ರಜೆಗೆ ಇಟಲಿ ಹೊರಟಿದ್ದಾರೆ. ಗಂಡ ಹೆಂಡತಿ, 6 ಮತ್ತು 12 ವರ್ಷದ ಎರಡು ಮಕ್ಕಳು, ಜೊತೆಗೆ ಅತ್ತೆ. ವೀಸಾ ಬಂದಿದೆ, ವಿಮಾನದ ಟಿಕೆಟ್ ಆಗಿದೆ, ರೋಮ್, ಫ್ಲಾರೆನ್ಸ್, ವೆನಿಸ್, ಮಿಲಾನ್ ಅಂತ ಊರುಗಳೂ ಗೊತ್ತಾಗಿವೆ. ಆದರೆ ಒಂದೂರಿಂದ ಇನ್ನೊಂದೂರಿಗೆ ಹೋಗೋದು ಹೇಗೆ ಅನ್ನೋದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. "ಚಿಕ್ಕಮ್ಮಾ, ಐದು ಜನ, ನಾಲ್ಕು ದೊಡ್ಡ ಸೂಟ್‌ಕೇಸು. ಸುಮ್ನೆ ಒಂದು ಕಾರ್ ಬಾಡಿಗೆಗೆ ತಗೊಂಡುಬಿಟ್ಟರೆ ಸುಲಭ ಅಲ್ವಾ?" ಅಂತ ಕೇಳಿದಳು.

ನಮ್ಮ ಕಡೆಯ ಅಭ್ಯಾಸದಲ್ಲಿ ಇದು ಸರಿಯಾದ ಯೋಚನೆಯೇ. ಮನೆ ಬಾಗಿಲಲ್ಲಿ ಇನ್ನೋವಾ ನಿಲ್ಲಿಸಿ, ಲಗೇಜು ತುಂಬಿ ಹೊರಟರೆ ಹೋಟೆಲ್ ಬಾಗಿಲಲ್ಲೇ ಇಳಿಯೋದು. ಇಟಲಿಯಲ್ಲಿ ಆ ಲೆಕ್ಕ ತಲೆಕೆಳಗಾಗುತ್ತದೆ. ಯಾಕೆ ಅನ್ನೋದನ್ನು ಅವಳಿಗೆ ಫೋನಿನಲ್ಲಿ ಒಂದು ಗಂಟೆ ಹೇಳಿದೆ. ಅದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಕಿಲೋಮೀಟರಿಗಿಂತ ಮೊದಲು ಇನ್ನೊಂದು ಲೆಕ್ಕ

ಹೆಚ್ಚಿನವರು ಎರಡು ವಿಷಯ ನೋಡುತ್ತಾರೆ, ಎಷ್ಟು ಹೊತ್ತು ಮತ್ತು ಎಷ್ಟು ದುಡ್ಡು. ಮಕ್ಕಳು, ವಯಸ್ಸಾದವರು, ಭಾರದ ಪೆಟ್ಟಿಗೆ ಇದ್ದಾಗ ಇವೆರಡಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಈ ದಾರಿಯಲ್ಲಿ ಹೋದರೆ ಪ್ರತಿ ಸೂಟ್‌ಕೇಸನ್ನು ಎಷ್ಟು ಸಲ ಕೈಯಲ್ಲಿ ಎತ್ತಬೇಕಾಗುತ್ತದೆ?

ಚಕ್ರದ ಮೇಲೆ ಎಳೆದುಕೊಂಡು ಹೋಗುವುದು ಎತ್ತುವುದಲ್ಲ. ಮೆಟ್ಟಿಲು, ರೈಲಿನ ಬಾಗಿಲು, ಬಸ್ಸಿನ ಹೊಟ್ಟೆ, ಕಾರಿನ ಡಿಕ್ಕಿ, ಲಿಫ್ಟ್ ಇಲ್ಲದ ಹಳೇ ಕಟ್ಟಡ, ಇವು ಎತ್ತುವ ಜಾಗಗಳು. ನಾಲ್ಕು ಸೂಟ್‌ಕೇಸು, ಎತ್ತಬಲ್ಲವರು ಇಬ್ಬರೇ ಅಂದರೆ ಒಂದು ಮೆಟ್ಟಿಲ ಸಾಲನ್ನು ಅವರಿಬ್ಬರೂ ಎರಡೆರಡು ಸಲ ಹತ್ತಬೇಕು. ಅಷ್ಟು ಹೊತ್ತು ಮಕ್ಕಳ ಜೊತೆ ಅಜ್ಜಿ ಒಬ್ಬರೇ ಕೆಳಗೆ ನಿಂತಿರಬೇಕು. ಟಿಕೆಟ್ ಬುಕ್ ಮಾಡುವ ಆ್ಯಪು ಇದನ್ನು ಹೇಳುವುದಿಲ್ಲ.

ಇನ್ನು ಇಟಲಿಯ ನಕ್ಷೆ. ಉತ್ತರದಿಂದ ದಕ್ಷಿಣಕ್ಕೆ ಮಿಲಾನ್, ಬೊಲೋನ್ಯಾ, ಫ್ಲಾರೆನ್ಸ್, ರೋಮ್, ನೇಪಲ್ಸ್ ಇವೆಲ್ಲ ಒಂದೇ ದಾರದಲ್ಲಿ ಪೋಣಿಸಿದ ಮಣಿಗಳ ಹಾಗೆ ಸಾಲಾಗಿವೆ. ಬೊಲೋನ್ಯಾದಿಂದ ಒಂದು ಕವಲು ವೆನಿಸ್ ಕಡೆ ಹೋಗುತ್ತದೆ. ಆ ದಾರವೇ ಅತಿವೇಗದ ರೈಲಿನ ಹಳಿ. ರೋಮ್–ಫ್ಲಾರೆನ್ಸ್ ನಡುವಿನ ವೇಗದ ಹಳಿಯ ಮೊದಲ ಭಾಗ ಶುರುವಾಗಿದ್ದು 1977ರಲ್ಲಿ, ಯುರೋಪಿನಲ್ಲೇ ಮೊದಲು. ಹಾಗಾಗಿ ಪ್ರವಾಸಿಗರು ಹೋಗುವ ದೊಡ್ಡ ಊರುಗಳೆಲ್ಲ ಬಹುಪಾಲು ಈ ದಾರದ ಮೇಲೇ ಇವೆ. ರೋಮಿನಿಂದ ಫ್ಲಾರೆನ್ಸ್‌ಗೆ ಸುಮಾರು ಒಂದೂವರೆ ಗಂಟೆ. ಫ್ಲಾರೆನ್ಸ್‌ನಿಂದ ವೆನಿಸ್‌ಗೆ ಎರಡೂಕಾಲು ಗಂಟೆಯ ಆಸುಪಾಸು. ವೆನಿಸ್‌ನಿಂದ ಮಿಲಾನ್‌ಗೆ ಸುಮಾರು ಎರಡೂವರೆ ಗಂಟೆ. ರೋಮಿನಿಂದ ನೇಪಲ್ಸ್‌ಗೆ ಒಂದೂಕಾಲು ಗಂಟೆಯೊಳಗೆ.

ರೈಲುಗಳಲ್ಲಿ ಎರಡು ಬಗೆ, ಟಿಕೆಟ್‌ಗಳಲ್ಲೂ ಎರಡು ಬಗೆ

ಇಲ್ಲಿ ತುಂಬಾ ಜನ ಎಡವುತ್ತಾರೆ, ಆದ್ದರಿಂದ ನಿಧಾನವಾಗಿ ಓದಿ.

ಒಂದು ಬಗೆ ಅತಿವೇಗದ ರೈಲು. ಸರ್ಕಾರಿ ಕಂಪನಿ ಟ್ರೆನಿಟಾಲಿಯಾದ ಫ್ರೆಚ್ಚಾರೊಸ್ಸಾ, ಮತ್ತು 2012ರಿಂದ ಓಡುತ್ತಿರುವ ಖಾಸಗಿ ಕಂಪನಿ ಇಟಾಲೊ. ಎರಡೂ ಅದೇ ಹಳಿಯ ಮೇಲೆ ಗಂಟೆಗೆ 300 ಕಿ.ಮೀ. ವರೆಗೆ ಓಡುತ್ತವೆ. ನಮ್ಮ ಶತಾಬ್ದಿ, ವಂದೇ ಭಾರತ್ ಥರ ಎಲ್ಲಾ ಸೀಟೂ ರಿಸರ್ವ್ಡ್. ನಿಮ್ಮ ಟಿಕೆಟ್ ಆ ದಿನದ, ಆ ಹೊತ್ತಿನ, ಆ ಒಂದು ರೈಲಿಗೆ ಮಾತ್ರ. ಇಟಾಲೊ ಟಿಕೆಟ್ ಹಿಡಿದು ಫ್ರೆಚ್ಚಾರೊಸ್ಸಾ ಹತ್ತುವ ಹಾಗಿಲ್ಲ, ಅದು ಬೇರೆ ಕಂಪನಿ. ಬೆಲೆ ವಿಮಾನದ ಟಿಕೆಟ್ ಥರ ಏರುತ್ತಾ ಹೋಗುತ್ತದೆ, ಮೊದಲೇ ತಗೊಂಡರೆ ಅಗ್ಗ, ಹಿಂದಿನ ದಿನ ತಗೊಂಡರೆ ಜಾಸ್ತಿ. ಆದರೆ ತೀರಾ ಅಗ್ಗದ ಟಿಕೆಟನ್ನು ಬದಲಾಯಿಸಲು, ದುಡ್ಡು ವಾಪಸ್ ಪಡೆಯಲು ಆಗುವುದಿಲ್ಲ. ಮಗುವಿಗೆ ಬೆಳಿಗ್ಗೆ ಜ್ವರ ಬಂದರೆ ಐದು ಟಿಕೆಟ್ಟೂ ಹೋದ ಹಾಗೆ. ಹೊರಡುವ ಮುನ್ನ ಬದಲಾಯಿಸಿಕೊಳ್ಳಬಹುದಾದ 'ಬಾಸೆ' ದರ್ಜೆಯ ಟಿಕೆಟ್ ಸ್ವಲ್ಪ ದುಬಾರಿ. ಚಿಕ್ಕ ಮಕ್ಕಳಿರುವವರು ಎರಡನ್ನೂ ತೂಗಿ ನೋಡುವುದು ಒಳ್ಳೆಯದು. ಎರಡೂ ಕಂಪನಿಗಳು ಮಕ್ಕಳಿಗೆ ರಿಯಾಯಿತಿ ಕೊಡುತ್ತವೆ, ಕೆಲವು ಸಲ ದೊಡ್ಡವರ ಜೊತೆ ಮಕ್ಕಳಿಗೆ ಪೂರ್ತಿ ಉಚಿತವೂ ಇರುತ್ತದೆ. ಬುಕ್ ಮಾಡುವಾಗ ಐದೂ ಜನರನ್ನು "ವಯಸ್ಕರು" ಅಂತ ಹಾಕಿಬಿಟ್ಟರೆ ಅದು ಕಣ್ಣಿಗೇ ಬೀಳುವುದಿಲ್ಲ. ವಯಸ್ಸು ಸರಿಯಾಗಿ ತುಂಬಿ.

ಇನ್ನೊಂದು ಬಗೆ ರೆಜೊನಾಲೆ, ಅಂದರೆ ಪ್ರಾದೇಶಿಕ ರೈಲು. ನಮ್ಮ ಪ್ಯಾಸೆಂಜರ್ ರೈಲಿನ ತಮ್ಮ ಅನ್ನಿ. ಎಲ್ಲಾ ಸಣ್ಣ ಊರಲ್ಲೂ ನಿಲ್ಲುತ್ತದೆ, ಸೀಟ್ ನಂಬರ್ ಇಲ್ಲ, ಬೆಲೆ ದೂರಕ್ಕೆ ತಕ್ಕಂತೆ ನಿಗದಿ. ಮೂರು ತಿಂಗಳು ಮುಂಚೆ ತಗೊಂಡರೂ ಅಷ್ಟೇ, ಐದು ನಿಮಿಷ ಮುಂಚೆ ತಗೊಂಡರೂ ಅಷ್ಟೇ. ಫ್ಲಾರೆನ್ಸ್‌ನಿಂದ ಪೀಸಾಕ್ಕೆ ಹೋಗಲು ಇದೇ ಸಾಕು, ಸುಮಾರು ಒಂದು ಗಂಟೆ. ರೋಮಿನಿಂದ ಫ್ಲಾರೆನ್ಸ್‌ಗೂ ಇಂಥ ರೈಲಿದೆ. ಅಗ್ಗವೇನೋ ಹೌದು, ಆದರೆ ಒಂದೂವರೆ ಗಂಟೆಯ ದಾರಿಗೆ ಮೂರೂವರೆ ನಾಲ್ಕು ಗಂಟೆ ಹಿಡಿಯುತ್ತದೆ.

ಈ ಪ್ರಾದೇಶಿಕ ರೈಲಿನ ಕಾಗದದ ಟಿಕೆಟ್‌ಗೆ ಒಂದು ನಿಯಮ ಇದೆ. ಹತ್ತುವ ಮುಂಚೆ ಅದಕ್ಕೆ ಮುದ್ರೆ ಒತ್ತಿಸಬೇಕು. ಪ್ಲಾಟ್‌ಫಾರ್ಮಿನ ತುದಿಯಲ್ಲೋ ಗೋಡೆಯ ಮೇಲೋ ಒಂದು ಸಣ್ಣ ಡಬ್ಬಿ ಇರುತ್ತದೆ. ಟಿಕೆಟ್ ತುದಿಯನ್ನು ಸೀಳಿಗೆ ತಳ್ಳಿ ಹಿಡಿದರೆ ಟರ್‍ರ್ ಅಂತ ಸದ್ದು ಮಾಡಿ ದಿನ, ಗಂಟೆ ಅಚ್ಚಾಗುತ್ತದೆ. ಅಲ್ಲಿಂದ 4 ಗಂಟೆ ಆ ಟಿಕೆಟ್‌ಗೆ ಬೆಲೆ. ಯಾಕೆ ಈ ಕಟ್ಟುನಿಟ್ಟು? ಟಿಕೆಟ್ ಯಾವ ರೈಲಿಗೂ ಕಟ್ಟಿಲ್ಲ ಅಲ್ವಾ, ಮುದ್ರೆ ಇಲ್ಲದಿದ್ದರೆ ಅದನ್ನೇ ಇಟ್ಟುಕೊಂಡು ಹತ್ತು ಸಲ ಓಡಾಡಬಹುದು. ಅದಕ್ಕೇ ಮುದ್ರೆ ಇಲ್ಲದ ಟಿಕೆಟ್ ಅಂದರೆ ಟಿಕೆಟ್ ಇಲ್ಲದ ಲೆಕ್ಕ, ದಂಡ ಕಟ್ಟಬೇಕು. ಮೊಬೈಲಿನಲ್ಲಿ ತಗೊಂಡ ಪ್ರಾದೇಶಿಕ ಟಿಕೆಟ್‌ಗೂ ಹತ್ತುವ ಮುಂಚೆ 'ಚೆಕ್ ಇನ್' ಒತ್ತಬೇಕು. ಅತಿವೇಗದ ರೈಲಿಗೆ ಇದು ಯಾವುದೂ ಬೇಡ.

ಇವೆರಡರ ನಡುವೆ ಇಂಟರ್‌ಸಿಟಿ ಅಂತ ಇನ್ನೊಂದಿದೆ. ಸೀಟ್ ನಂಬರ್ ಇರುತ್ತದೆ, ವೇಗ ಮಧ್ಯಮ. ವೇಗದ ಹಳಿ ಇಲ್ಲದ ಕಡೆ, ದಕ್ಷಿಣಕ್ಕೆ ಹೋಗುವಾಗ ಇದು ಉಪಯೋಗಕ್ಕೆ ಬರುತ್ತದೆ.

ರೈಲಿನಲ್ಲಿ ಸೂಟ್‌ಕೇಸು ಎಲ್ಲಿಡೋದು?

ಅಕ್ಕನ ಮಗಳ ದೊಡ್ಡ ಭಯ ಇದೇ ಆಗಿತ್ತು. ವಿಮಾನದ ಥರ ಲಗೇಜು ಒಪ್ಪಿಸುವ ಕೌಂಟರ್ ಇಲ್ಲ, ತೂಕ ಹಾಕುವವರೂ ಇಲ್ಲ. ನಿಮ್ಮ ಪೆಟ್ಟಿಗೆ ನೀವೇ ಹತ್ತಿಸಬೇಕು, ನೀವೇ ಇಳಿಸಬೇಕು. ಕೂಲಿಯವರು ಸಿಗುತ್ತಾರೆ ಅಂದುಕೊಂಡು ಹೋಗಬೇಡಿ.

ಬೋಗಿಯ ಬಾಗಿಲ ಹತ್ತಿರ ದೊಡ್ಡ ಸೂಟ್‌ಕೇಸಿಗೆ ಅಂತ ಅಟ್ಟ ಇರುತ್ತದೆ. ತಲೆಯ ಮೇಲಿನ ಅಟ್ಟದಲ್ಲಿ ಕ್ಯಾಬಿನ್ ಬ್ಯಾಗು ಆರಾಮಾಗಿ ಕೂರುತ್ತದೆ, ಆದರೆ 28 ಇಂಚಿನ ತುಂಬಿದ ಸೂಟ್‌ಕೇಸನ್ನು ಅಷ್ಟೆತ್ತರಕ್ಕೆ ಎತ್ತುವುದು ಸುಲಭವಲ್ಲ. ಇನ್ನೊಂದು ಜಾಗ ಇದೆ, ತುಂಬಾ ಜನ ಗಮನಿಸೋದಿಲ್ಲ. ಬೆನ್ನಿಗೆ ಬೆನ್ನು ಕೊಟ್ಟು ನಿಂತ ಎರಡು ಸೀಟುಗಳ ನಡುವೆ ಕೆಳಗೆ ಖಾಲಿ ಜಾಗ ಉಳಿದಿರುತ್ತದೆ, ಮಧ್ಯಮ ಗಾತ್ರದ ಪೆಟ್ಟಿಗೆ ಅಲ್ಲಿ ಹಿಡಿಸುತ್ತದೆ. ಬಾಗಿಲ ಹತ್ತಿರದ ಅಟ್ಟ ಮೊದಲು ಬಂದವರಿಗೆ. ಅದಕ್ಕೇ ನೀವು ಬೇಗ ಹತ್ತಿದಷ್ಟೂ ಒಳ್ಳೆಯದು.

ಬೇಗ ಹತ್ತುವುದಕ್ಕೆ ಒಂದು ಕಷ್ಟ ಇದೆ. ಯಾವ ಪ್ಲಾಟ್‌ಫಾರ್ಮು ಅನ್ನೋದು ಬೋರ್ಡಿನ ಮೇಲೆ ಬರುವುದೇ ಎಷ್ಟೋ ಸಲ ಹತ್ತು ಹದಿನೈದು ನಿಮಿಷ ಮುಂಚೆ. ಅಲ್ಲಿಯವರೆಗೂ ಎಲ್ಲರೂ ಕತ್ತೆತ್ತಿಕೊಂಡು ಬೋರ್ಡಿನ ಕೆಳಗೇ ನಿಂತಿರುತ್ತಾರೆ, ನಂಬರ್ ಬಂದ ತಕ್ಷಣ ನದಿ ಹರಿದ ಹಾಗೆ ಜನ ಒಂದೇ ಕಡೆ ಹೊರಡುತ್ತಾರೆ. ಆ ಬೋರ್ಡನ್ನು ಓದಲು ನಾಲ್ಕೈದು ಪದ ಸಾಕು. 'ಪಾರ್ತೆಂಜೆ' ಅಂದರೆ ಹೊರಡುವ ರೈಲುಗಳು, 'ಅರ್ರೀವಿ' ಅಂದರೆ ಬರುವವು. 'ಬಿನಾರಿಯೊ' ಪ್ಲಾಟ್‌ಫಾರ್ಮು. 'ರಿತಾರ್ದೊ' ಅಂದರೆ ತಡ, ಪಕ್ಕದ ಸಂಖ್ಯೆ ಎಷ್ಟು ನಿಮಿಷ ಅನ್ನೋದು. ಟಿಕೆಟ್‌ನಲ್ಲಿ 'ಕರೊತ್ಸಾ' ಬೋಗಿ, 'ಪೋಸ್ತೊ' ಸೀಟು. ಇನ್ನೊಂದು ವಿಷಯ, ಬೋರ್ಡಿನ ಮೇಲೆ ಆ ರೈಲಿನ ಕೊನೆಯ ಊರಿನ ಹೆಸರಿರುತ್ತದೆ. ನೀವು ಫ್ಲಾರೆನ್ಸ್‌ನಲ್ಲಿ ಇಳಿಯುವವರಾದರೂ ಬೋರ್ಡು "ಮಿಲಾನೊ" ಅನ್ನಬಹುದು. ಆದ್ದರಿಂದ ಹುಡುಕಬೇಕಾದ್ದು ಊರಲ್ಲ, ರೈಲಿನ ನಂಬರು.

ನಾವು ಹೋದಾಗ ಎರಡನೇ ಪ್ರಯಾಣದ ಹೊತ್ತಿಗೆ ಒಂದು ಪದ್ಧತಿ ಮಾಡಿಕೊಂಡೆವು. ಯಜಮಾನರು ಮೊದಲು ಖಾಲಿ ಕೈಯಲ್ಲಿ ಹತ್ತಿ ಬಾಗಿಲಲ್ಲಿ ನಿಲ್ಲುವುದು. ನಾನು ಕೆಳಗಿನಿಂದ ಒಂದೊಂದೇ ಸೂಟ್‌ಕೇಸು ತಳ್ಳುವುದು. ಮಗ ಅಜ್ಜಿಯ ಕೈ ಹಿಡಿದು ನಮ್ಮ ಹಿಂದೆಯೇ ಹತ್ತಿ ಸೀಟು ಹುಡುಕುವುದು. ಕೊನೆಯಲ್ಲಿ ನಾನು ಪ್ಲಾಟ್‌ಫಾರ್ಮನ್ನು ಒಂದು ಸಲ ತಿರುಗಿ ನೋಡಿ ಹತ್ತುವುದು. ಇಳಿಯುವಾಗ ಇದೇ ಕ್ರಮ ಉಲ್ಟಾ. ಊರು ಬರುವ ಹತ್ತು ನಿಮಿಷ ಮುಂಚೆಯೇ ಎದ್ದು ಬಾಗಿಲ ಹತ್ತಿರ ಸೇರಬೇಕು, ನಡುದಾರಿಯ ನಿಲ್ದಾಣಗಳಲ್ಲಿ ರೈಲು ಕೆಲವೇ ನಿಮಿಷ ನಿಲ್ಲುತ್ತದೆ. ಪಾಸ್‌ಪೋರ್ಟ್, ದುಡ್ಡು, ಮಾತ್ರೆ ಇವು ಮಾತ್ರ ಯಾವಾಗಲೂ ಮೈಮೇಲಿನ ಚೀಲದಲ್ಲಿ, ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಬೇಡ.

ನಿಲ್ದಾಣದ ರಚನೆಯನ್ನೂ ನೋಡಿ

ರೋಮಿನ ತೆರ್ಮಿನಿ, ಫ್ಲಾರೆನ್ಸ್‌ನ ಸಾಂತಾ ಮರಿಯಾ ನೊವೆಲ್ಲಾ, ವೆನಿಸ್‌ನ ಸಾಂತಾ ಲುಚಿಯಾ, ನೇಪಲ್ಸ್ ಮತ್ತು ಮಿಲಾನಿನ ಚೆಂತ್ರಾಲೆ, ಈ ಐದೂ ಹಳಿ ಮುಗಿಯುವ ನಿಲ್ದಾಣಗಳು. ರೈಲು ಬಂದು ಗೋಡೆಗೆ ಮುಖ ಮಾಡಿ ನಿಲ್ಲುತ್ತದೆ. ಪ್ಲಾಟ್‌ಫಾರ್ಮಿನ ತುದಿಯಿಂದ ನೇರ ಮುಂದೆ ನಡೆದರೆ ಆಯ್ತು, ಮೇಲ್ಸೇತುವೆ, ಸಬ್‌ವೇ ಯಾವುದೂ ಇಲ್ಲ. ಮಿಲಾನಿನಲ್ಲಿ ಮಾತ್ರ ಹಳಿಗಳು ರಸ್ತೆಗಿಂತ ಎತ್ತರದಲ್ಲಿವೆ, ಇಳಿಯಲು ಚಲಿಸುವ ಇಳಿಜಾರು ಪಟ್ಟಿಗಳಿವೆ. ಲಗೇಜು ಇದ್ದವರಿಗೆ ಇದು ದೊಡ್ಡ ವರ.

ಆದರೆ ಪೀಸಾ, ಲಾ ಸ್ಪೆತ್ಸಿಯಾ, ಮೆಸ್ತ್ರೆ ಇಂಥವು ರೈಲು ಹಾದುಹೋಗುವ ನಿಲ್ದಾಣಗಳು. ಒಂದು ಪ್ಲಾಟ್‌ಫಾರ್ಮಿಂದ ಇನ್ನೊಂದಕ್ಕೆ ನೆಲದಡಿಯ ದಾರಿಯಲ್ಲಿ ಇಳಿದು ಹತ್ತಬೇಕು, ನಮ್ಮ ಮೆಜೆಸ್ಟಿಕ್ ರೈಲ್ವೆ ನಿಲ್ದಾಣದ ಸಬ್‌ವೇ ಥರ. ಬೊಲೋನ್ಯಾದಲ್ಲಿ ಅತಿವೇಗದ ಪ್ಲಾಟ್‌ಫಾರ್ಮುಗಳು ನೆಲದ ಕೆಳಗೆ ಆಳದಲ್ಲಿವೆ, ಅಲ್ಲಿಂದ ಮೇಲೆ ಬಂದು ಬೇರೆ ರೈಲು ಹಿಡಿಯಲು ಒಳ್ಳೇ ಹೊತ್ತು ಬೇಕು. ಹಾಗಾಗಿ ದರ ಸ್ವಲ್ಪ ಜಾಸ್ತಿ ಆದರೂ ನೇರ ರೈಲನ್ನೇ ಹಿಡಿಯಿರಿ. ಬದಲಾಯಿಸಲೇಬೇಕಾದರೆ ನಡುವೆ ಎಂಟು ನಿಮಿಷ ಸಾಲದು, ಅರ್ಧ ಗಂಟೆ ಇರಲಿ.

ಒಂದೇ ಊರಿಗೆ ಎರಡು ಮೂರು ನಿಲ್ದಾಣ ಇರುವುದನ್ನೂ ಮರೆಯಬೇಡಿ. ರೋಮಿನಲ್ಲಿ ತೆರ್ಮಿನಿ ಅಲ್ಲದೆ ತಿಬುರ್ತಿನಾ ಇದೆ. ಫ್ಲಾರೆನ್ಸ್‌ನಲ್ಲಿ ಕಾಂಪೊ ದಿ ಮಾರ್ತೆ ಇದೆ. ಬೆಂಗಳೂರಿಗೆ ಹೋಗುವ ರೈಲು ಯಶವಂತಪುರದಲ್ಲಿ ನಿಲ್ಲುವುದಕ್ಕೂ ಮೆಜೆಸ್ಟಿಕ್‌ನಲ್ಲಿ ನಿಲ್ಲುವುದಕ್ಕೂ ಇರುವ ವ್ಯತ್ಯಾಸವೇ ಇದು. ವೆನಿಸ್ ವಿಷಯದಲ್ಲಿ ಇದು ಇನ್ನೂ ಮುಖ್ಯ: 'ವೆನೆತ್ಸಿಯಾ ಮೆಸ್ತ್ರೆ' ಅನ್ನೋದು ಸಮುದ್ರ ದಾಟುವ ಮುಂಚಿನ, ಭೂಮಿಯ ಮೇಲಿನ ಊರು. ದ್ವೀಪದ ವೆನಿಸ್‌ಗೆ ಹೋಗುವವರು ಇನ್ನೂ ಹತ್ತು ನಿಮಿಷ ಕೂತು ಸಾಂತಾ ಲುಚಿಯಾದಲ್ಲಿ ಇಳಿಯಬೇಕು. ಹೆಸರಲ್ಲಿ ವೆನಿಸ್ ಅಂತ ಕಂಡ ಕೂಡಲೇ ಪೆಟ್ಟಿಗೆ ಇಳಿಸಿಬಿಡಬೇಡಿ.

ಹಾಗಾದರೆ ಕಾರು ಯಾವಾಗ?

ಟಸ್ಕನಿಯ ಬೆಟ್ಟದ ಹಳ್ಳಿಗಳು, ದ್ರಾಕ್ಷಿ ತೋಟದ ನಡುವಿನ ಫಾರ್ಮ್‌ಹೌಸು, ಸಿಸಿಲಿಯ ಒಳನಾಡು, ಡೊಲೊಮೈಟ್ಸ್ ಬೆಟ್ಟಗಳು. ಇಂಥ ಕಡೆ ರೈಲು ಹೆಚ್ಚಾಗಿ ಹೋಗುವುದಿಲ್ಲ, ಬಸ್ಸು ಕಮ್ಮಿ. ಅಲ್ಲಿ ಕಾರೇ ಸರಿ. ದೊಡ್ಡ ಊರುಗಳ ನಡುವೆ ಮಾತ್ರ ಕಾರು ಉಪಕಾರಕ್ಕಿಂತ ಹೊರೆ. ಅದಕ್ಕೆ ಮುಖ್ಯ ಕಾರಣ ಜೆಡ್‌ಟಿಎಲ್.

ಜೆಡ್‌ಟಿಎಲ್ ಅಂದರೆ ವಾಹನ ನಿರ್ಬಂಧಿತ ಪ್ರದೇಶ. ರೋಮ್, ಫ್ಲಾರೆನ್ಸ್, ಪೀಸಾ, ಸಿಯೆನಾ ಹೀಗೆ ಬಹಳಷ್ಟು ಊರುಗಳ ಹಳೇ ಕೇಂದ್ರಭಾಗಕ್ಕೆ ಪರವಾನಗಿ ಇಲ್ಲದ ವಾಹನ ಹೋಗಬಾರದು. ಆ ಬೀದಿಗಳನ್ನು ಕಾರು ಹುಟ್ಟುವ ಎಷ್ಟೋ ನೂರು ವರ್ಷ ಮುಂಚೆ ಕಟ್ಟಿದ್ದು, ಕಿರಿದು. ಗೇಟು, ಪೊಲೀಸು ಯಾರೂ ಇರುವುದಿಲ್ಲ. ಬಿಳಿ ಬೋರ್ಡಿನ ಮೇಲೆ ಒಂದು ಕೆಂಪು ವೃತ್ತ, ಮೇಲೆ ಒಂದು ಕ್ಯಾಮೆರಾ, ಅಷ್ಟೇ. 'ವಾರ್ಕೊ ಅತ್ತೀವೊ' ಅಂತ ದೀಪ ಉರಿಯುತ್ತಿದ್ದರೆ ನಿರ್ಬಂಧ ಈಗ ಜಾರಿಯಲ್ಲಿದೆ ಅಂತ. 'ಅತ್ತೀವೊ' ಅಂದರೆ 'ಆಕ್ಟಿವ್'. ಇಟಲಿ ಭಾಷೆ ಬಲ್ಲವರು ಅದನ್ನು 'ದಾರಿ ತೆರೆದಿದೆ' ಅಂತ ತಪ್ಪು ತಿಳಿಯುವುದಿಲ್ಲ, ಹೊರಗಿನವರು ತಿಳಿಯುತ್ತಾರೆ. ಒಳಗೆ ಹೋದರೆ ದಂಡ. ಹೊರದೇಶದವರಿಗೆ ನೋಟಿಸ್ ಕಳಿಸಲು ಕಾನೂನಿನಲ್ಲಿ 360 ದಿನ ಇದೆ, ಜೊತೆಗೆ ನಿಮ್ಮ ವಿಳಾಸ ಕೊಟ್ಟಿದ್ದಕ್ಕೆ ಬಾಡಿಗೆ ಕಂಪನಿಯೂ ಕಾರ್ಡಿನಿಂದ ಶುಲ್ಕ ಹಿಡಿಯುತ್ತದೆ. ಪ್ರವಾಸ ಮರೆತೇ ಹೋದ ಮೇಲೆ ಮನೆಗೆ ಲಕೋಟೆ ಬಂದು ಗಾಬರಿಯಾದವರನ್ನು ನಾನು ಬಲ್ಲೆ.

ಇನ್ನು ಡಿಕ್ಕಿಯ ಲೆಕ್ಕ. ಬಾಡಿಗೆ ಸೈಟಿನಲ್ಲಿ "5 ಜನ" ಅಂತ ಇರುತ್ತದೆ. ಐದು ಜನರ ಜೊತೆ ನಾಲ್ಕು ದೊಡ್ಡ ಸೂಟ್‌ಕೇಸು ಅದರಲ್ಲಿ ಹಿಡಿಸುವುದಿಲ್ಲ, ವ್ಯಾನ್ ಬೇಕು. ವ್ಯಾನ್ ತಗೊಂಡರೆ ಬಾಡಿಗೆ ಜಾಸ್ತಿ, ಹಳೇ ಊರಿನ ಗಲ್ಲಿಯಲ್ಲಿ ತಿರುಗಿಸುವುದೂ ಕಷ್ಟ. 150 ಸೆಂ.ಮೀ.ಗಿಂತ ಕುಳ್ಳಗಿರುವ ಮಕ್ಕಳಿಗೆ ಮಕ್ಕಳ ಸೀಟು ಕಡ್ಡಾಯ. ಒಂದೂರಲ್ಲಿ ತಗೊಂಡು ಇನ್ನೊಂದೂರಲ್ಲಿ ಬಿಟ್ಟರೆ ಸಾಮಾನ್ಯವಾಗಿ ಬೇರೆ ಶುಲ್ಕ. ಗೇರ್ ಇಲ್ಲದ ಆಟೋಮ್ಯಾಟಿಕ್ ಕಾರು ಬೇಕಾದರೆ ಮುಂಚೆಯೇ ಹೇಳಬೇಕು, ಗಾಡಿ ಓಡುವುದು ರಸ್ತೆಯ ಬಲಗಡೆ ಆದ್ದರಿಂದ ಗೇರ್ ಬಲಗೈಗೆ ಬರುತ್ತದೆ. ಭಾರತದ ಲೈಸೆನ್ಸ್ ಜೊತೆಗೆ ಆರ್‌ಟಿಒ ಕೊಡುವ ಅಂತಾರಾಷ್ಟ್ರೀಯ ಪರವಾನಗಿಯೂ ಕೈಯಲ್ಲಿರಬೇಕು. ಊರು ಬಿಡುವ ಮುಂಚೆಯೇ ಮಾಡಿಸಿಕೊಳ್ಳಬೇಕು, ಅಲ್ಲಿ ಹೋಗಿ ಆಗುವ ಕೆಲಸ ಅಲ್ಲ. ಠೇವಣಿಗೆ ಓಡಿಸುವವರ ಹೆಸರಿನ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ.

ಹೆದ್ದಾರಿ ಚೆನ್ನಾಗಿದೆ. 'ಆಟೊಸ್ತ್ರಾದಾ' ಅಂತಾರೆ, ವೇಗದ ಮಿತಿ 130, ಮಳೆ ಬಂದರೆ 110. ಹೆಚ್ಚಿನ ಕಡೆ ಹತ್ತುವಾಗ ಚೀಟಿ ತಗೊಂಡು ಇಳಿಯುವಾಗ ದುಡ್ಡು ಕಟ್ಟಬೇಕು. ಟೋಲ್ ಹತ್ತಿರ ಹಳದಿ ಬೋರ್ಡಿನ ಸಾಲು 'ತೆಲೆಪಾಸ್' ಇದ್ದವರಿಗೆ, ಅದು ಅಲ್ಲಿಯ ಫಾಸ್ಟ್ಯಾಗ್. ನಿಮ್ಮ ಕಾರಲ್ಲಿ ಅದು ಇಲ್ಲದಿದ್ದರೆ ನೋಟು, ನಾಣ್ಯದ ಚಿತ್ರ ಇರುವ ಬಿಳಿ ಬೋರ್ಡಿನ ಸಾಲಿಗೋ ಕಾರ್ಡಿನ ನೀಲಿ ಸಾಲಿಗೋ ಹೋಗಿ. ಪಾರ್ಕಿಂಗ್‌ನಲ್ಲಿ ನೆಲದ ಗೆರೆ ನೋಡಿ: ಬಿಳಿ ಉಚಿತ, ನೀಲಿ ದುಡ್ಡಿಗೆ, ಹಳದಿ ಬೇರೆಯವರಿಗೆ ಮೀಸಲು.

ಕಾರು ಬೇಕೇ ಬೇಕು ಅನ್ನುವವರು ಹೀಗೆ ಮಾಡಬಹುದು: ದೊಡ್ಡ ಊರನ್ನೆಲ್ಲ ರೈಲಿನಲ್ಲಿ ನೋಡಿ, ಹಳ್ಳಿ ಕಡೆ ಹೊರಡುವ ದಿನ ಬೆಳಿಗ್ಗೆ ಕಾರು ತಗೊಂಡು, ಮುಂದಿನ ದೊಡ್ಡ ಊರು ಬರುವ ಮುಂಚೆಯೇ ಅದರ ಹೊರಭಾಗದಲ್ಲೋ ವಿಮಾನ ನಿಲ್ದಾಣದಲ್ಲೋ ಒಪ್ಪಿಸಿಬಿಡಿ.

ಚಾಲಕರ ಸಮೇತ ಗಾಡಿ, ಬಸ್ಸು, ವಿಮಾನ

ನಮ್ಮ ಟ್ಯಾಕ್ಸಿ ಮಾಡಿಕೊಂಡು ಹೋಗುವ ಪದ್ಧತಿ ಅಲ್ಲೂ ಇದೆ, ಎನ್‌ಸಿಸಿ ಅಂತಾರೆ. ಎಂಟು ಸೀಟಿನ ವ್ಯಾನ್, ಚಾಲಕರೇ ಲಗೇಜು ಎತ್ತಿ ಹಾಕುತ್ತಾರೆ, ಜೆಡ್‌ಟಿಎಲ್ ಒಳಗೆ ಹೋಗುವ ಅನುಮತಿಯನ್ನೂ ಅವರೇ ನೋಡಿಕೊಳ್ಳುತ್ತಾರೆ. ದುಬಾರಿ, ಹೌದು. ಆದರೆ ದರ ಇಡೀ ಗಾಡಿಗೆ, ತಲೆಗಲ್ಲ. ಇಬ್ಬರಿಗೆ ಅದು ದಂಡ ಅನ್ನಿಸಬಹುದು, ಆರು ಜನಕ್ಕೆ ಲೆಕ್ಕ ಕೂರುತ್ತದೆ.

ವಿಮಾನ ನಿಲ್ದಾಣದಿಂದ ರೋಮ್ ಊರೊಳಕ್ಕೆ ಇದೇ ತರ್ಕ ಹಿಡಿಯಿರಿ. ಫಿಯುಮಿಚೀನೊದಿಂದ ತೆರ್ಮಿನಿಗೆ ಲಿಯೊನಾರ್ದೊ ಎಕ್ಸ್‌ಪ್ರೆಸ್ ರೈಲು 32 ನಿಮಿಷ, ತಲೆಗೆ 14 ಯುರೋ. ಮೂರು ಜನ ದೊಡ್ಡವರು ಅಂದರೆ 42 ಆಯ್ತು. ಬಿಳಿ ಬಣ್ಣದ ಅಧಿಕೃತ ಟ್ಯಾಕ್ಸಿಗೆ ಹಳೇ ಕೋಟೆ ಗೋಡೆಯೊಳಗಿನ ಯಾವ ಜಾಗಕ್ಕೂ ಒಂದೇ ನಿಗದಿ ದರ, ಲಗೇಜು ಸೇರಿ. ಇಡೀ ರಾತ್ರಿ ವಿಮಾನದಲ್ಲಿ ಕೂತು ಬಂದ ಅಜ್ಜಿ, ನಿದ್ದೆಗಣ್ಣಿನ ಮಗು ಜೊತೆಗಿದ್ದರೆ ಟ್ಯಾಕ್ಸಿ ಸಾಲಿನಲ್ಲಿ ನಿಂತು ದೊಡ್ಡ ಗಾಡಿ ಕೇಳುವುದೇ ವಾಸಿ.

ಊರಿಂದೂರಿಗೆ ಹೋಗುವ ಬಸ್ಸು ಅಗ್ಗ, ಲಗೇಜು ಕೆಳಗಿನ ಗೂಡಿಗೆ ಹೋಗುತ್ತದೆ. ಹೊತ್ತು ಜಾಸ್ತಿ, ನಿಲ್ದಾಣ ಎಷ್ಟೋ ಸಲ ಊರಾಚೆ. ಫ್ಲಾರೆನ್ಸ್‌ನಿಂದ ಸಿಯೆನಾಕ್ಕೆ ಮಾತ್ರ ಬಸ್ಸೇ ಒಳ್ಳೆಯದು. ಸಿಯೆನಾದ ರೈಲು ನಿಲ್ದಾಣ ಗುಡ್ಡದ ಬುಡದಲ್ಲಿದೆ, ಬಸ್ಸು ಹಳೇ ಊರಿನ ಅಂಚಿಗೇ ಹೋಗುತ್ತದೆ.

ವಿಮಾನ ಬೇಕಾಗುವುದು ಸಿಸಿಲಿ, ಸಾರ್ಡೀನಿಯಾಗೆ. ಉಳಿದ ಕಡೆ ನಿಲ್ದಾಣಕ್ಕೆ ಹೋಗುವುದು, ತಪಾಸಣೆ, ಲಗೇಜಿಗೆ ಬೇರೆ ದುಡ್ಡು, ಮತ್ತೆ ಅಲ್ಲಿಂದ ಊರಿಗೆ ಬರುವುದು ಎಲ್ಲ ಸೇರಿಸಿದರೆ ರೈಲೇ ಮುಂದೆ ಇರುತ್ತದೆ. ಸಿಸಿಲಿಗೂ ರೈಲಿದೆ. ವಿಲ್ಲಾ ಸಾನ್ ಜೊವಾನ್ನಿಯಲ್ಲಿ ಬೋಗಿಗಳನ್ನು ಬಿಡಿಸಿ, ಹಳಿ ಹಾಕಿದ ಹಡಗಿನ ಹೊಟ್ಟೆಯೊಳಗೆ ತಳ್ಳಿ, ಸಮುದ್ರ ದಾಟಿಸಿ ಮೆಸ್ಸೀನಾದಲ್ಲಿ ಮತ್ತೆ ಜೋಡಿಸುತ್ತಾರೆ. ನಿಮ್ಮ ಸೂಟ್‌ಕೇಸು ಅಟ್ಟದ ಮೇಲೇ ಇರುತ್ತದೆ, ನೀವು ಹಡಗಿನ ಮೇಲ್ಮಹಡಿಗೆ ಹೋಗಿ ಸಮುದ್ರ ನೋಡಬಹುದು. ಹೊತ್ತಿದ್ದರೆ ಮಕ್ಕಳಿಗೆ ಇದನ್ನು ತೋರಿಸಬೇಕು.

ವೆನಿಸ್: ಚಕ್ರ ನಿಲ್ಲುವ ಊರು

ವೆನಿಸ್‌ಗೆ ರೈಲು ಸೇತುವೆ ಬಂದಿದ್ದು 1846ರಲ್ಲಿ, ರಸ್ತೆ ಸೇತುವೆ 1933ರಲ್ಲಿ. ಕಾರು, ಬಸ್ಸು ಪಿಯಾತ್ಸಾಲೆ ರೋಮಾ ಅನ್ನುವ ಚೌಕದವರೆಗೆ ಮಾತ್ರ. ಅಲ್ಲಿಂದ ಮುಂದೆ ಕಾಲ್ನಡಿಗೆ ಇಲ್ಲವೇ ದೋಣಿ. ಕಾರಲ್ಲಿ ಹೋದವರು ಅದನ್ನು ಅಲ್ಲೇ ಎಲ್ಲೋ ದುಡ್ಡು ಕೊಟ್ಟು ನಿಲ್ಲಿಸಿ, ಅದು ಸುಮ್ನೆ ನಿಂತಿರುವ ದಿನಕ್ಕೂ ಬಾಡಿಗೆ ಕಟ್ಟಬೇಕು.

ಸಾಂತಾ ಲುಚಿಯಾ ನಿಲ್ದಾಣದ ಬಾಗಿಲು ದಾಟಿದರೆ ಎದುರಿಗೇ ದೊಡ್ಡ ಕಾಲುವೆ. ನಮ್ಮ ಹೋಟೆಲ್ ಕಾಲುವೆಯ ಆಚೆ ದಡದಲ್ಲಿತ್ತು, ನಕ್ಷೆಯಲ್ಲಿ "ನಡಿಗೆ 6 ನಿಮಿಷ". ನಕ್ಷೆ ಹೇಳದೇ ಬಿಟ್ಟಿದ್ದು ನಡುವೆ ಇದ್ದ ಸ್ಕಾಲ್ತ್ಸಿ ಸೇತುವೆ. ದೋಣಿಗಳು ಕೆಳಗೆ ಹಾಯಬೇಕಲ್ಲ, ಅದಕ್ಕೆ ಅದು ಬಿಲ್ಲಿನ ಹಾಗೆ ಮೇಲೆದ್ದಿದೆ, ಎರಡೂ ಕಡೆ ಕಲ್ಲಿನ ಮೆಟ್ಟಿಲು. ಯಜಮಾನರು ಒಂದು ಸೂಟ್‌ಕೇಸು ಎತ್ತಿಕೊಂಡು ನೆತ್ತಿಗೆ ಹೋಗಿ ಇಟ್ಟು ಬರುವಷ್ಟರಲ್ಲಿ ನಾನು ಇನ್ನೊಂದನ್ನು ಒಂದೊಂದೇ ಮೆಟ್ಟಿಲು ಹತ್ತಿಸುತ್ತಿದ್ದೆ. ಪ್ರತಿ ಮೆಟ್ಟಿಲಿಗೂ ಚಕ್ರ ಠಕ್ ಅಂತ ಕಲ್ಲಿಗೆ ಬಡಿಯುತ್ತಿತ್ತು. ಅರ್ಧದಲ್ಲಿ ಒಂದು ಚಕ್ರ ಕಳಚಿ ಮೆಟ್ಟಿಲ ಮೇಲೆ ಉರುಳಿಹೋಯಿತು, ಮಗ ಓಡಿಹೋಗಿ ಹಿಡಿದ. ಆರು ನಿಮಿಷದ ದಾರಿಗೆ ನಲವತ್ತು ನಿಮಿಷ ಹಿಡಿಯಿತು, ಅತ್ತೆಯವರಿಗೆ ಮೊಣಕಾಲು ನೋವು ರಾತ್ರಿಯೆಲ್ಲ.

ಹಾಗಾಗಿ ವೆನಿಸ್‌ನಲ್ಲಿ ಹೋಟೆಲ್ ಆರಿಸುವುದೂ ಸಾರಿಗೆ ಆರಿಸಿದ ಹಾಗೇ. ನಿಲ್ದಾಣದಿಂದ ಎಡಕ್ಕೆ ತಿರುಗಿದರೆ ಲಿಸ್ತಾ ದಿ ಸ್ಪಾನ್ಯಾ ಅನ್ನುವ ಬೀದಿ ಇದೆ, ಗೂಲ್ಯೆ ಸೇತುವೆ ಬರುವವರೆಗೂ ಒಂದು ಮೆಟ್ಟಿಲೂ ಇಲ್ಲ. ಅಲ್ಲಿ ಉಳಿಯಿರಿ. ಇಲ್ಲವೇ 'ವಪೊರೆತ್ತೊ' ನಿಲ್ಲುವ ಕಟ್ಟೆಯ ಪಕ್ಕದಲ್ಲೇ ಇರುವ ಹೋಟೆಲ್ ನೋಡಿ. ವಪೊರೆತ್ತೊ ಅಂದರೆ ನೀರಿನ ಸಿಟಿ ಬಸ್ಸು. ಒಂದು ಟಿಕೆಟ್ 9.50 ಯುರೋ, 75 ನಿಮಿಷ ಬಳಸಬಹುದು. 1ನೇ ನಂಬರಿನದು ದೊಡ್ಡ ಕಾಲುವೆಯಲ್ಲಿ ಎಲ್ಲಾ ಕಡೆ ನಿಲ್ಲುತ್ತದೆ, 2ನೆಯದು ಬೇಗ ಹೋಗುತ್ತದೆ. ಹೋಟೆಲ್ ಬುಕ್ ಮಾಡುವ ಮುಂಚೆ "ನಿಲ್ದಾಣದಿಂದ ನಿಮ್ಮಲ್ಲಿಗೆ ಎಷ್ಟು ಸೇತುವೆ? ಒಳಗೆ ಲಿಫ್ಟ್ ಇದೆಯಾ?" ಅಂತ ಬರೆದು ಕೇಳಿ. ಉತ್ತರ ಕೊಡುತ್ತಾರೆ.

ಇನ್ನೆರಡು ಕಷ್ಟದ ಜಾಗಗಳು

ಚಿಂಕ್ವೆ ತೆರ್ರೆಯ ಐದು ಹಳ್ಳಿಗಳಿಗೆ ಲಾ ಸ್ಪೆತ್ಸಿಯಾದಿಂದ ಸಣ್ಣ ರೈಲು, ನಿಮಿಷಗಳ ದಾರಿ. ಆದರೆ ಹಳ್ಳಿಗಳು ಬಂಡೆಗೆ ಅಂಟಿಕೊಂಡಿವೆ, ಎಲ್ಲಿ ನೋಡಿದರೂ ಮೆಟ್ಟಿಲು. ಕೊರ್ನೀಲ್ಯಾ ಅನ್ನುವ ಹಳ್ಳಿಗೆ ನಿಲ್ದಾಣದಿಂದ ಸುಮಾರು 380 ಮೆಟ್ಟಿಲಿವೆ. ಲಾ ಸ್ಪೆತ್ಸಿಯಾದಲ್ಲೇ ಉಳಿದು, ಬರಿಗೈಯಲ್ಲಿ ಹೋಗಿಬನ್ನಿ.

ಅಮಾಲ್ಫಿ ಕರಾವಳಿಗೆ ಹೋಗುವ ಹೆಚ್ಚಿನವರು ನೇಪಲ್ಸ್‌ನಿಂದ ಸೊರೆಂತೊಗೆ ಚಿರ್ಕುಂವೆಸುವಿಯಾನಾ ರೈಲು ಹಿಡಿಯುತ್ತಾರೆ. ಅದು ಊರವರು ದಿನಾ ಓಡಾಡುವ ಲೋಕಲ್, ಲಗೇಜಿಗೆ ಜಾಗ ಇಲ್ಲ, ಬೇಸಿಗೆಯಲ್ಲಿ ನಿಲ್ಲಲೂ ಜಾಗ ಸಿಗುವುದಿಲ್ಲ. ಅಮಾಲ್ಫಿಗೇ ಹೋಗುವವರಾದರೆ ಅತಿವೇಗದ ರೈಲಿನಲ್ಲಿ ಸಲೆರ್ನೊವರೆಗೆ ಹೋಗಿ, ಅಲ್ಲಿಂದ ಬೇಸಿಗೆ ತಿಂಗಳುಗಳಲ್ಲಿ ಓಡುವ ದೋಣಿ ಹಿಡಿಯಬಹುದು. ಬೆಟ್ಟದ ತಿರುವಿನಲ್ಲಿ ಬಸ್ಸು ಹತ್ತಿದರೆ ವಾಂತಿ ಮಾಡುವ ಮಕ್ಕಳಿಗೂ ಇದೇ ಒಳ್ಳೆಯದು.

ಮುಷ್ಕರ ಬಂದರೆ?

'ಶೋಪೆರೊ' ಅಂದರೆ ಮುಷ್ಕರ. ಇಟಲಿಯಲ್ಲಿ ಇದು ಆಗಾಗ ಆಗುತ್ತದೆ, ಆದರೆ ದಿನಾಂಕವನ್ನು ಮುಂಚೆಯೇ ಹೇಳಬೇಕು ಅಂತ ಕಾನೂನಿದೆ. ಕೆಲಸದ ದಿನಗಳಲ್ಲಿ ಮುಷ್ಕರವಿದ್ದರೂ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಪ್ರಾದೇಶಿಕ ರೈಲುಗಳನ್ನು ಓಡಿಸಲೇಬೇಕು. ದೂರದ ರೈಲುಗಳಲ್ಲೂ ಓಡಿಸಲೇಬೇಕಾದವುಗಳ ಪಟ್ಟಿ ಇದೆ. ಹೊರಡುವ ಎರಡು ದಿನ ಮುಂಚೆ ಒಮ್ಮೆ ನೋಡಿಕೊಳ್ಳಿ. ವಿಮಾನ ಹಿಡಿಯುವ ಊರಿಗೆ ಒಂದು ದಿನ ಮುಂಚೆಯೇ ಸೇರಿಬಿಡುವುದು ಇದಕ್ಕೇ.

ಅಕ್ಕನ ಮಗಳ ತೀರ್ಮಾನ

ಎಲ್ಲ ಕೇಳಿದ ಮೇಲೆ ಅವಳು ಮೊದಲು ಮಾಡಿದ್ದು ನಾಲ್ಕು ದೊಡ್ಡ ಸೂಟ್‌ಕೇಸನ್ನು ಮೂರು ಮಧ್ಯಮದ್ದಕ್ಕೆ ಇಳಿಸಿದ್ದು. ಕಾರಿನ ಯೋಚನೆ ಬಿಟ್ಟಳು. ರೋಮಿಗೆ ಇಳಿದ ದಿನ ದೊಡ್ಡ ಟ್ಯಾಕ್ಸಿ. ಆಮೇಲೆ ಫ್ಲಾರೆನ್ಸ್‌ಗೆ ಬೆಳಿಗ್ಗೆ ಹತ್ತರ ನಂತರದ ನೇರ ರೈಲು, ಮಕ್ಕಳು ತಿಂಡಿ ತಿಂದು ಹೊರಡಲು ಅನುಕೂಲ ಅಂತ. ಫ್ಲಾರೆನ್ಸ್‌ನಲ್ಲಿ ನಾಲ್ಕು ರಾತ್ರಿ ಒಂದೇ ಹೋಟೆಲ್. ಪೀಸಾಕ್ಕೆ ಪ್ರಾದೇಶಿಕ ರೈಲಿನಲ್ಲಿ, ಟಸ್ಕನಿಯ ಹಳ್ಳಿಗಳಿಗೆ ಒಂದು ದಿನ ಚಾಲಕರ ಸಮೇತ ವ್ಯಾನ್‌ನಲ್ಲಿ, ಎರಡು ಸಲವೂ ಸೂಟ್‌ಕೇಸು ರೂಮಿನಲ್ಲೇ. ಆಮೇಲೆ ವೆನಿಸ್, ಆಮೇಲೆ ಮಿಲಾನ್, ಅಲ್ಲಿ ಒಂದು ರಾತ್ರಿ, ವಿಮಾನ. ಹನ್ನೊಂದು ದಿನದ ಪ್ರವಾಸದಲ್ಲಿ ಪೆಟ್ಟಿಗೆಗಳು ಊರಿಂದೂರಿಗೆ ಹೋಗುವುದು ಮೂರೇ ಸಲ.

ನಿನ್ನೆ ಮತ್ತೆ ಫೋನ್ ಮಾಡಿದ್ದಳು. ವೆನಿಸ್‌ನ ಹೋಟೆಲಿನವರು ಉತ್ತರ ಬರೆದಿದ್ದಾರಂತೆ: ನಿಲ್ದಾಣದಿಂದ 300 ಮೀಟರ್, ಸೇತುವೆ ಇಲ್ಲ, ಒಳಗೆ ಲಿಫ್ಟ್ ಇದೆ.